ಐದು ದಿನ ಮುಟ್ಟಬೇಡಿ

“ಇದೇನ್ರೀ ಇದು... ಗಾಯಕ್ಕೆ ಗೋಂದು ಹಚ್ಚಿಕೊಂಡು ಬಂದಿದ್ದೀರಾ?!”

ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿದ್ದ ನಾಲ್ಕೂ ಜನ ತಿರುಗಿ ನೋಡಿದರು. ಮಂಡಿಗೆ ಪಟ್ಟಿ ಹಾಕಿಸಿಕೊಳ್ಳಲು ಕೂತಿದ್ದ ಮುದುಕರೊಬ್ಬರು ತಮ್ಮ ನೋವನ್ನು ಮರೆತು ಕತ್ತು ಉದ್ದ ಮಾಡಿದರು.

ಸ್ಟೂಲಿನ ಮೇಲಿದ್ದವನು ತಲೆ ತಗ್ಗಿಸಿದ. ಮೂವತ್ತರ ಆಸುಪಾಸಿನ ವಯಸ್ಸು. ಅವನ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಕಂದು ಬಣ್ಣದ ದಪ್ಪ ಬಟ್ಟೆಯೊಂದು ಗಟ್ಟಿಯಾಗಿ ಅಂಟಿಕೊಂಡಿತ್ತು. ಅದು ಬ್ಯಾಂಡೇಜ್ ಅಲ್ಲ. ಪುಸ್ತಕಗಳ ಬೆನ್ನಿಗೆ ಅಂಟಿಸುವ ಬಟ್ಟೆ!

“ನಂದು ಬೈಂಡಿಂಗ್ ಅಂಗಡಿ... ಪೇಪರ್ ಕತ್ತರಿಸೋ ಮೆಷಿನ್ ಉಜ್ಜಿಬಿಡ್ತು. ರಕ್ತ ನಿಲ್ಲಲಿಲ್ಲ. ಕೈಗೆ ಸಿಕ್ಕಿದ್ದು ಇದೇ...”

“ಯಾವಾಗ?”

“ಮೊನ್ನೆ.”

“ಮೊನ್ನೆ?!” ಗಾಯ ನೋಡುತ್ತಿದ್ದ ನರ್ಸಿಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಎರಡು ದಿನ ಏನ್ ಮಾಡ್ತಿದ್ರಿ?”

“ಶಾಲೆ ಲೈಬ್ರರಿ ಪುಸ್ತಕ ಕೊಡಬೇಕಿತ್ತು. ಎಡಗೈಯಲ್ಲಿ ಮುಗಿಸಿದೆ.”

ಆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸಣ್ಣ ಸಿಸ್ಟರ್ ಎನ್ನುತ್ತಿದ್ದರು. ವಯಸ್ಸಿನಲ್ಲಿ ಸಣ್ಣವಳೇನಲ್ಲ, ಎಂಟು ವರ್ಷದ ಅನುಭವವಿತ್ತು. ಆದರೆ ಪಕ್ಕದ ಮೇಜಿನಲ್ಲಿ ದೊಡ್ಡ ಸಿಸ್ಟರ್ ಇದ್ದರಲ್ಲ, ಅವರು ನಿವೃತ್ತಿಯಾಗುವವರೆಗೆ ಇವಳಿಗೆ ಬಡ್ತಿ ಇರಲಿಲ್ಲ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಖಾರ, ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಗಾಯದ ಮೇಲೆ ಕೈಯಿಟ್ಟಾಗ ಮಾತ್ರ ಅವಳಷ್ಟು ತಾಳ್ಮೆ ಇಡೀ ಆಸ್ಪತ್ರೆಯಲ್ಲಿ ಯಾರಿಗೂ ಇರಲಿಲ್ಲ.

ಅವಳು ಸಲೈನಿನಲ್ಲಿ ಅದ್ದಿದ ಹತ್ತಿಯನ್ನು ಆ ಬಟ್ಟೆಯ ಮೇಲೆ ಹೊದಿಸಿದಳು.

“ಸುಮ್ನೆ ಕೂತ್ಕೊಳ್ಳಿ. ಇದು ನೆನೆದು ತಾನಾಗೇ ಬಿಡಬೇಕು. ಎಳೆದರೆ ಚರ್ಮವೂ ಜೊತೆಗೆ ಬರುತ್ತೆ.”

“ಗೊತ್ತು,” ಎಂದ ಅವನು. “ಹಳೇ ಪುಸ್ತಕದ ಬೆನ್ನು ನಾವೂ ಹೀಗೇ ಬಿಡಿಸೋದು. ಒದ್ದೆ ಬಟ್ಟೆ ಇಟ್ಟು ಕಾಯ್ತೀವಿ. ಅವಸರ ಮಾಡಿದ್ರೆ ಹಾಳೆ ಹರಿದುಹೋಗುತ್ತೆ.”

ಅವಳ ಕೈ ಒಂದು ಕ್ಷಣ ನಿಂತಿತು. ಈ ಸ್ಟೂಲಿನ ಮೇಲೆ ಕೂತವರೆಲ್ಲ ‘ಬೇಗ ಮುಗಿಸಿ ಸಿಸ್ಟರ್’ ಎನ್ನುವವರೇ. ಕಾಯುವುದು ಗೊತ್ತಿರುವವನು ಇವನೊಬ್ಬ!

ಬಟ್ಟೆ ಬಿಡಲು ಮುಕ್ಕಾಲು ಗಂಟೆ ಹಿಡಿಯಿತು. ಅವನು ಒಂದು ಸಲವೂ ‘ಅಯ್ಯೋ’ ಎನ್ನಲಿಲ್ಲ. ಹಣೆಯ ಮೇಲಿನ ಬೆವರು ಮಾತ್ರ ನಿಜ ಹೇಳುತ್ತಿತ್ತು. ಅದನ್ನು ಕಂಡು ಅವಳ ಮನಸ್ಸು ಯಾಕೋ ಚುರ್ರೆಂದಿತು.

ಡಾಕ್ಟರು ಬಂದು ಕನ್ನಡಕ ಏರಿಸಿಕೊಂಡು ನೋಡಿದರು. “ಮೇಲಿನ ಚರ್ಮ ಹೋಗಿದೆ. ಒಳಪದರ ಸ್ವಲ್ಪ ಉಳಿದಿದೆ, ಅದೇ ಪುಣ್ಯ. ಒಣಗಿ ಹಕ್ಕಳೆ ಕಟ್ಟಿದೆ. ಮೊದಲು ಜೆಲ್ ಹಾಕಿ ಮೆತ್ತಗೆ ಮಾಡಮ್ಮ, ಆಮೇಲೆ ಪಟ್ಟಿ. ಒಂದು ಟಿಟಿ ಇಂಜೆಕ್ಷನ್ನೂ ಕೊಡು.”

“ಗಾಯ ಒಣಗಬೇಕಲ್ವಾ ಡಾಕ್ಟ್ರೇ? ನೀವು ಒದ್ದೆ ಮಾಡ್ತೀರಾ?” ಎಂದ ಅವನು.

“ಅದನ್ನ ಸಿಸ್ಟರ್ ಹೇಳ್ತಾರೆ,” ಎಂದು ಡಾಕ್ಟರು ಹೊರಟುಹೋದರು.

ಅವಳು ಟ್ಯೂಬಿನಿಂದ ತಣ್ಣನೆಯ ಜೆಲ್ ಹಿಂಡಿ ಗಾಯದ ಮೇಲೆ ಮೆಲ್ಲನೆ ಹರಡಿದಳು. “ಹೊಸ ಚರ್ಮ ಅಂಚಿನಿಂದ ನಡುವಿಗೆ ತೆವಳಿಕೊಂಡು ಬರಬೇಕು. ನೆಲ ಒಣಗಿ ಗಟ್ಟಿಯಾಗಿದ್ರೆ ಹೇಗೆ ಬರುತ್ತೆ? ತೇವ ಇದ್ರೆ ಸಲೀಸು.”

ಅವನು ಪಾಠ ಕೇಳುವವನ ಹಾಗೆ ತಲೆಯಾಡಿಸಿದ.

ಮೂರು ದಿನ ಅವನು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದ. ಹೊಸ ಜೆಲ್ ಹಚ್ಚಿಸಿಕೊಂಡು ಹೋದ. ಅಂಗಡಿಯ ವಿಷಯ, ಅಂಗಡಿಯಲ್ಲಿ ಜೊತೆಗೆ ದುಡಿಯುವ ಅತ್ತಿಗೆಯ ವಿಷಯ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿರುವ ಅಣ್ಣನ ವಿಷಯ... ಕೇಳಿದ್ದಕ್ಕೆ ಎರಡೇ ಮಾತಿನ ಉತ್ತರ. ಆದರೆ ಆ ಎರಡು ಮಾತಿಗಾಗಿ ಅವಳು ಒಂಬತ್ತೂವರೆಯಿಂದಲೇ ಬಾಗಿಲ ಕಡೆ ನೋಡತೊಡಗಿದ್ದಳು.

‘ನಾನೇಕೆ ನೋಡ್ಲಿ? ಗಾಯ ಹೇಗಿದೆಯೋ ಅಂತ ಅಷ್ಟೇ...’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ದೊಡ್ಡ ಸಿಸ್ಟರನ್ನು ಹಾಗೆ ನಂಬಿಸುವುದು ಅಷ್ಟು ಸುಲಭವಿರಲಿಲ್ಲ.

“ಒಂದು ವಿಷಯ ಗಮನಿಸಿದ್ಯೇನೇ? ಎಲ್ರೂ ನಿನ್ನ ಸಿಸ್ಟರ್ ಅಂತಾರೆ. ಆ ಬೈಂಡರ್ ಮಾತ್ರ ‘ಏನ್ರೀ’, ‘ನೋಡ್ರೀ’ ಅಂತಾನೆ. ಅಪ್ಪಿತಪ್ಪಿಯೂ ಸಿಸ್ಟರ್ ಅನ್ನಲ್ಲ!”

“ನಿಮಗೆ ಬೇರೆ ಕೆಲಸ ಇಲ್ಲ, ಹೋಗಿ!” ಎಂದು ಅವಳು ಸಿಡುಕಿದಳು. ಕಿವಿ ಮಾತ್ರ ಕೆಂಪಾಗಿತ್ತು.

ನಾಲ್ಕನೆಯ ದಿನ ಹಕ್ಕಳೆ ಪೂರ್ತಿ ಕರಗಿ ಗಾಯ ಕೆಂಪಗೆ ಚೊಕ್ಕಟವಾಗಿತ್ತು. ಇನ್ನು ಜೆಲ್ ಪಟ್ಟಿ ಹಾಕುವ ಹೊತ್ತು. ಮೈಬಣ್ಣದ, ರಬ್ಬರಿನ ಹಾಗೆ ಬಾಗುವ ಪಟ್ಟಿ. ಒಮ್ಮೆ ಅಂಟಿಸಿದರೆ ಐದು ದಿನ ಅದರ ಪಾಡಿಗೆ ಬಿಡಬೇಕು.

ಅವಳು ಅಳತೆ ತೆಗೆದು ಪಟ್ಟಿ ಕತ್ತರಿಸುತ್ತಿದ್ದಾಗ ಅವನು ತಾನಾಗೇ ಬಾಯಿ ಬಿಟ್ಟ.

“ನಮ್ಮಲ್ಲಿ ಒಬ್ಬ ವಕೀಲರು ಕೋರ್ಟಿನ ಕಾಗದಾನೂ ಮಗಳ ಹಾಡಿನ ಪುಸ್ತಕಾನೂ ಒಟ್ಟಿಗೇ ಕೊಟ್ಟಿದ್ರು. ನಾನು ರಟ್ಟು ಅದಲುಬದಲು ಮಾಡ್ಬಿಟ್ಟೆ.”

“ಅಯ್ಯೋ... ಆಮೇಲೆ?”

“ಜಡ್ಜ್ ಮುಂದೆ ಗಂಭೀರವಾಗಿ ಎದ್ದು ನಿಂತು ಫೈಲ್ ತೆಗೆದು ಓದಿದ್ರಂತೆ. ಒಂದು ಸಾಲು ಮುಗಿದ ಮೇಲೇ ಗೊತ್ತಾಗಿದ್ದು... ಜೋಗುಳ!”

ಅವಳು ಕತ್ತರಿ ಕೆಳಗಿಟ್ಟಳು. “ಜಡ್ಜ್ ಏನಂದ್ರು?”

“ಎರಡನೇ ಸಾಲೂ ಓದಿ ಅಂದ್ರಂತೆ.”

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು! ಮುಂಗೈಯಿಂದ ಕಣ್ಣೊರೆಸಿಕೊಂಡು, ನಗುತ್ತಲೇ ಪಟ್ಟಿ ಅಂಟಿಸಿ, ಕೈಗವಸಿನೊಳಗಿನ ಅಂಗೈಯ ಬಿಸಿಗೆ ಅದು ಚೆನ್ನಾಗಿ ಅಂಟಲೆಂದು ಅದರ ಮೇಲೆ ಒಂದು ನಿಮಿಷ ಕೈಯಿಟ್ಟು ಹಿಡಿದಳು. ಅವನು ನಗಲಿಲ್ಲ. ಅವಳು ನಗುವುದನ್ನೇ ನೋಡುತ್ತಿದ್ದ.

“ಐದು ದಿನ ಮುಟ್ಟಬೇಡಿ,” ಎಂದಳು.

“ಇಲ್ಲ,” ಎಂದ.

ಮಾರನೆಯ ದಿನವೇ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪಟ್ಟಿ ಇರಲಿಲ್ಲ.

“ಏನ್ರೀ, ಪಟ್ಟಿ ಎಲ್ಲಿ?”

“ಗಲೀಜಾಗಿತ್ತು... ತೆಗೆದೆ.”

ಅವಳು ಗಾಯ ನೋಡಿದಳು. ತೊಳೆದಿಟ್ಟ ತಟ್ಟೆಯಷ್ಟು ಶುಭ್ರವಾಗಿತ್ತು. “ಗಲೀಜೆಲ್ಲಿದೆ? ಏನೂ ಇಲ್ವಲ್ಲ!”

ಅವಳು ಹೊಸದು ಅಂಟಿಸಿ, “ಐದು ದಿನ!” ಎಂದು ಬೆರಳೆತ್ತಿ ಎಚ್ಚರಿಸಿ ಕಳಿಸಿದಳು.

ಎರಡು ದಿನಕ್ಕೆ ಮತ್ತೆ ಬಂದ. ಮತ್ತೆ ಬರಿಗೈ. ಈ ಸಲ ಅಂಚಿನಲ್ಲಿ ಆಗತಾನೇ ಬೆಳೆಯುತ್ತಿದ್ದ ಎಳೆಚರ್ಮ ಪಟ್ಟಿಯ ಜೊತೆ ಕಿತ್ತುಬಂದು ರಕ್ತ ಜಿನುಗಿತ್ತು. ಅವಳ ಮುಖ ಬಿಗಿಯಿತು. ಹಿಂದಿನಿಂದ ದೊಡ್ಡ ಸಿಸ್ಟರ್ ಕಿಸಕ್ಕೆಂದರು. “ಪಾಪ, ಐದು ದಿನ ನೋಡ್ದೆ ಇರಕ್ಕಾಗಲ್ಲ ಅಂತ ಕಾಣುತ್ತೆ ಕಣೇ!”

ಅವರು ತಮಾಷೆಗೆ ಅಂದದ್ದು. ಆದರೆ ಅವಳ ಎದೆ ಧಸಕ್ಕೆಂದಿತು.

ಎರಡು ವರ್ಷದ ಹಿಂದೆ ಹೀಗೇ ಒಬ್ಬನಿದ್ದ. ಕಾಲಿನ ಗಾಯ ವಾಸಿಯಾದ ಮೇಲೂ ಏನಾದರೊಂದು ನೆಪ ಹೂಡಿಕೊಂಡು ತಿಂಗಳುಗಟ್ಟಲೆ ಬಂದ. ಇವಳು ಕಣ್ಣೆತ್ತಿಯೂ ನೋಡಿರಲಿಲ್ಲ. ಆದರೂ ಮಾತು ಹುಟ್ಟಿದ್ದು ಇವಳ ಮೇಲೆ. ಮೂರು ತಿಂಗಳು ಡ್ರೆಸ್ಸಿಂಗ್ ರೂಮಿನಿಂದ ತೆಗೆದು ಬೆಡ್‌ಶೀಟು ಮಡಿಸುವ ಕೋಣೆಗೆ ಹಾಕಿದ್ದರು. ಯಾರೋ ಮನೆಗೂ ಹೋಗಿ ಊದಿದ್ದರು. ಅಮ್ಮ ಒಂದು ಮಾತೂ ಕೇಳಲಿಲ್ಲ, ಆದರೆ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ.

‘ಇವನೂ ಅಷ್ಟೇನಾ? ನನ್ನನ್ನು ನೋಡುವ ನೆಪಕ್ಕೆ ಗಾಯವನ್ನೇ ಕೆರೆದುಕೊಳ್ಳುತ್ತಿದ್ದಾನಾ...? ಛೆ, ಇವನು ಬೇರೆ ಅಂದುಕೊಂಡಿದ್ದೆನಲ್ಲ!’

ಅವಳಿಗೆ ಸಿಟ್ಟಿಗಿಂತ ಹೆಚ್ಚು ಅಳು ಬಂದಿತ್ತು.

ಮೂರನೆಯ ಸಲ ಅವನು ಬರಿಗೈಯಲ್ಲಿ ಬಂದಾಗ ಅವಳು ಕೂರಲು ಕೂಡ ಹೇಳಲಿಲ್ಲ.

“ನಿಮ್ಮ ಕೈ ವಾಸಿಯಾಗೋದು ನಿಮಗೇ ಬೇಡ ಅಂದ್ರೆ ನಾನೇನು ಮಾಡ್ಲಿ? ಇದು ಆಸ್ಪತ್ರೆ ಕಣ್ರೀ. ನಿಮ್ಮ ಆಟಕ್ಕೆ ನಾನು ಸಿಗಲ್ಲ. ಇನ್ನು ಮುಂದೆ ಆ ಮೇಜಿಗೆ ಹೋಗಿ.”

“ನಾನು ಆಟ...” ಅವನ ಮುಖ ಬಿಳುಚಿಕೊಂಡಿತು. ಏನೋ ಹೇಳಲು ಹೋದ. ರೂಮಿನ ತುಂಬ ಜನ ಅವನನ್ನೇ ನೋಡುತ್ತಿದ್ದರು. ಮಾತು ಅರ್ಧಕ್ಕೇ ಬಿಟ್ಟು ಪಕ್ಕದ ಮೇಜಿಗೆ ಹೋದ. ದೊಡ್ಡ ಸಿಸ್ಟರ್ ಜೆಲ್ ಹಚ್ಚಿ ಬಟ್ಟೆ ಸುತ್ತಿದರು.

ಅವಳು ಅವನ ಕೇಸ್ ಶೀಟ್ ತೆಗೆದು ಒತ್ತಿ ಒತ್ತಿ ಬರೆದಳು: ‘ರೋಗಿ ಬೇಕೆಂದೇ ಪಟ್ಟಿ ಬಿಚ್ಚುತ್ತಾರೆ. ಸೂಚನೆ ಪಾಲಿಸುತ್ತಿಲ್ಲ.’

ಮಧ್ಯಾಹ್ನ ಡಾಕ್ಟರು ಆ ಸಾಲು ಓದಿದರು.

“ಇನ್ನೂ ಹತ್ತು ದಿನ ನೋಡೋಣ ಅಂತಿದ್ದೆ. ಇವನು ಹೀಗೆ ಕೈ ಹಾಕ್ತಾನೇ ಇದ್ರೆ ಪ್ರಯೋಜನ ಇಲ್ಲ. ತೊಡೆಯಿಂದ ಚರ್ಮ ತೆಗೆದು ಕೂರಿಸೋಣ. ಸೋಮವಾರಕ್ಕೆ ಬರೆದುಕೋ.”

“ಆಪರೇಷನ್ನಾ...?” ಅವಳ ದನಿ ಇಳಿಯಿತು. “ಆಮೇಲೆ ಕೈ ಮೊದಲಿನ ಹಾಗೆ ಆಗುತ್ತಲ್ವಾ ಡಾಕ್ಟ್ರೇ?”

“ಹೆಬ್ಬೆರಳಿನ ಬುಡ ನೋಡು. ಹಾಕಿದ ಚರ್ಮ ಸ್ವಲ್ಪ ಬಿಗಿದುಕೊಳ್ಳಬಹುದು. ಬೆರಳು ಮೊದಲಿನಷ್ಟು ಅಗಲ ತೆರೆಯೋದು ಕಷ್ಟ.”

ಹೆಬ್ಬೆರಳು ಅಗಲ ತೆರೆಯದ ಬೈಂಡರ್! ದಪ್ಪ ಪುಸ್ತಕವನ್ನು ಹೇಗೆ ಹಿಡಿಯುತ್ತಾನೆ? ದಾರ ಹೇಗೆ ಬಿಗಿಯುತ್ತಾನೆ? ‘ನಾನೇನು ಮಾಡ್ಲಿ? ಮಾಡ್ಕೊಂಡಿದ್ದು ಅವನೇ. ನಾನಂತೂ ಹೇಳಬೇಕಾದ್ದನ್ನೆಲ್ಲ ಹೇಳಿದ್ದೆ...’

ಶುಕ್ರವಾರ ದೊಡ್ಡ ಸಿಸ್ಟರ್ ಬೆನ್ನು ಕಿತ್ತುಹೋದ ಡ್ರೆಸ್ಸಿಂಗ್ ರಿಜಿಸ್ಟರನ್ನು ಅವಳ ಕೈಗೆ ತುರುಕಿದರು.

“ನಿನ್ನ ದಾರೀಲೇ ಅಲ್ವಾ ಆ ಅಂಗಡಿ? ಹೊಲಿಸಲು ಕೊಟ್ಟು ಹೋಗು.”

“ನಾನು ಹೋಗಲ್ಲ.”

“ಹಾಗಾದ್ರೆ ಹಾಳೆ ಒಂದೊಂದಾಗಿ ಉದುರಲಿ, ನೀನೇ ಆಯ್ಕೋ.”

ಮುಖ ಊದಿಸಿಕೊಂಡೇ ಹೊರಟಳು.

ಅಂಗಡಿಯೆಂದರೆ ಉದ್ದನೆಯ ಒಂದು ಕೋಣೆ. ಗೋಡೆಯುದ್ದಕ್ಕೂ ರಟ್ಟಿನ ಹಾಳೆಗಳು, ಮೂಲೆಯಲ್ಲಿ ಕಬ್ಬಿಣದ ಒತ್ತುಯಂತ್ರ, ಒಳಗೆಲ್ಲ ಅಂಟಿನ ಹುಳಿವಾಸನೆ. ಬಾಗಿಲ ಬಳಿ ಕೂತು ಪುಸ್ತಕ ಹೊಲಿಯುತ್ತಿದ್ದ ಹೆಂಗಸು ತಲೆಯೆತ್ತಿದರು. ಅತ್ತಿಗೆ ಇವರೇ ಇರಬೇಕು.

“ಬನ್ನಿ ಬನ್ನಿ. ಆಸ್ಪತ್ರೆಯವರಾ? ರಿಜಿಸ್ಟರ್ ನೋಡಿದ್ರೇ ಗೊತ್ತಾಗುತ್ತೆ, ಅಯೋಡಿನ್ ಕಲೆ.”

ಅವನು ಒಳಗಡೆ ಬೆನ್ನು ಮಾಡಿ ನಿಂತಿದ್ದ. ಬಲಗೈ ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಯಂತ್ರದ ತಿರುಗಣೆ ತಿರುಗಿಸುತ್ತಿದ್ದ. ಒತ್ತು ಬಿದ್ದಂತೆ ಪುಸ್ತಕದ ಅಂಚಿನಲ್ಲಿ ಹಳದಿ ಅಂಟು ಗೆರೆಯಾಗಿ ಉಕ್ಕಿತು. ಮರುಕ್ಷಣವೇ ಅವನ ಎಡಗೈ ಹೆಗಲ ಮೇಲಿನ ಬಟ್ಟೆ ಎಳೆದು ಅದನ್ನು ಒರೆಸಿಬಿಟ್ಟಿತು. ಇನ್ನೊಂದು ಪುಸ್ತಕ. ಉಕ್ಕಿತು, ಒರೆಸಿದ. ಅವನು ಅದನ್ನು ನೋಡುತ್ತಿರಲೂ ಇಲ್ಲ!

“ಅಂಟು ಉಕ್ಕಿದ್ದು ಕಂಡ್ರೆ ಇವನ ಕೈ ನಿಲ್ಲಲ್ಲ,” ಎಂದು ಅತ್ತಿಗೆ ನಕ್ಕರು. “ಬಿಟ್ರೆ ಹಾಳೆಗೆ ಹಾಳೆ ಹಿಡ್ಕೊಂಡು ಪುಸ್ತಕವೇ ಕೆಟ್ಟುಹೋಗುತ್ತೆ ನೋಡಿ. ಹನ್ನೆರಡನೇ ವಯಸ್ಸಿನಿಂದ ಇದೇ ಅಭ್ಯಾಸ. ಊಟಕ್ಕೆ ಕೂತಾಗ ಪಾತ್ರೆ ಅಂಚಲ್ಲಿ ಸಾರು ಸೋರಿದ್ರೂ ಒರೆಸ್ತಾನೆ.”

ಅವಳು ನಿಂತಲ್ಲೇ ನಿಂತಳು.

ಜೆಲ್ ಪಟ್ಟಿ ಗಾಯದ ನೀರನ್ನು ಹೀರಿಕೊಂಡು ಒಳಗೇ ಹಳದಿ ಲೋಳೆಯಾಗುತ್ತದೆ. ಅಂಚಿನಲ್ಲಿ ಸ್ವಲ್ಪ ಹೊರಗೂ ಉಕ್ಕುತ್ತದೆ. ವಾಸನೆಯೂ ಬರುತ್ತದೆ. ನೋಡಿದವರಿಗೆ ಕೀವೇ ಅನ್ನಿಸುತ್ತದೆ. ಅದಕ್ಕೇ ಈ ಪಟ್ಟಿ ಹಾಕುವ ಪ್ರತಿಯೊಬ್ಬರಿಗೂ ಅವಳು ಎಂಟು ವರ್ಷದಿಂದ ತಪ್ಪದೆ ಒಂದು ಮಾತು ಹೇಳುತ್ತಿದ್ದಳು: ‘ಹಳದಿಯಾಗಿ ಬರುತ್ತೆ, ಅದು ಕೀವಲ್ಲ, ಔಷಧಿ ಕೆಲಸ ಮಾಡ್ತಿರೋದು. ಹೆದರಬೇಡಿ, ಒರೆಸಬೇಡಿ.’

“ರೀ...” ಎಂದಳು. ಅವನು ಬೆಚ್ಚಿ ತಿರುಗಿದ. “ನಾನು ಹಾಕಿದ ಪಟ್ಟಿ... ಅದರ ಅಂಚಲ್ಲಿ ಏನಾದ್ರೂ ಉಕ್ಕಿತ್ತಾ?”

“ಹೂಂ. ಹಳದಿಯಾಗಿ. ಕೀವಾಯ್ತು ಅಂದ್ಕೊಂಡೆ. ಮೊದಲು ಅಂಚು ಒರೆಸಿದೆ, ಮತ್ತೆ ಬಂತು. ಒಳಗೆಲ್ಲ ಕೆಟ್ಟಿದೆಯೇನೋ ಅಂತ ಬಿಚ್ಚಿ ತೊಳ್ಕೊಂಡೆ. ಗಲೀಜಾಗಿತ್ತು ಅಂತ ನಿಮಗೆ ಹೇಳಿದ್ನಲ್ಲ...”

ಹೇಳಿದ್ದ! ಅವಳೇ ನಂಬಿರಲಿಲ್ಲ.

“ಹಾಗೆ ಬರುತ್ತೆ, ಒರೆಸಬೇಡಿ ಅಂತ ನಾನು... ನಾನು ಹೇಳಿರಲಿಲ್ವಾ?”

“ಇಲ್ಲ. ಐದು ದಿನ ಮುಟ್ಟಬೇಡಿ ಅಂದ್ರಿ ಅಷ್ಟೇ.” ಅವನ ದನಿಯಲ್ಲಿ ದೂರಿರಲಿಲ್ಲ. “ಬಿಡಿ. ಸೋಮವಾರ ಹೇಗೂ ಆಪರೇಷನ್ ಅಂದಿದ್ದಾರೆ.”

ರಿಜಿಸ್ಟರನ್ನು ಅತ್ತಿಗೆಯ ಮಡಿಲಲ್ಲಿಟ್ಟು ಅವಳು ಬಂದ ದಾರಿಯಲ್ಲೇ ತಿರುಗಿದಳು. ನಡೆಯುತ್ತ ಹೊರಟವಳು ಯಾವಾಗ ಓಡತೊಡಗಿದಳೋ ಅವಳಿಗೇ ಗೊತ್ತಾಗಲಿಲ್ಲ. ಡಾಕ್ಟರು ಬ್ಯಾಗು ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

“ಡಾಕ್ಟ್ರೇ, ಒಂದು ನಿಮಿಷ! ಆ ಬೈಂಡರ್ ಕೇಸು... ತಪ್ಪು ಅವರದ್ದಲ್ಲ, ನಂದು. ಜೆಲ್ ಉಕ್ಕುತ್ತೆ ಅಂತ ನಾನು ಹೇಳೋದು ಮರೆತೆ. ಅವರು ಕೀವು ಅಂದ್ಕೊಂಡು ತೊಳೆದಿದ್ದಾರೆ.”

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. “ಎಂಟು ವರ್ಷದಿಂದ ಈ ಪಟ್ಟಿ ಹಾಕ್ತಿದ್ದೀಯ. ಹೇಗಮ್ಮ ಮರೆತೆ?”

ಅವಳು ನೆಲ ನೋಡಿದಳು. ಉತ್ತರ ಗೊತ್ತಿತ್ತು. ಆದರೆ ಡಾಕ್ಟರಿಗೆ ಹೇಳುವಂಥದ್ದಾಗಿರಲಿಲ್ಲ.

“ಮರೆತೆ. ಕೇಸ್ ಶೀಟಲ್ಲೂ ಹಾಗೇ ಬರೀತೀನಿ. ಅವರಿಗೆ ಹತ್ತು ದಿನ ಕೊಡಿ ಡಾಕ್ಟ್ರೇ...”

“ಬರೆದ್ರೆ ನಿನ್ನ ದಾಖಲೆಯಲ್ಲೂ ಕೂರುತ್ತೆ. ಯೋಚನೆ ಮಾಡಿದ್ಯಾ?”

“ಕೂರ್ಲಿ.”

“ಸರಿ, ಹತ್ತು ದಿನ ನೋಡೋಣ. ಸೋಮವಾರದ್ದು ಸದ್ಯಕ್ಕೆ ಬೇಡ,” ಎಂದು ಡಾಕ್ಟರು ಮೆಟ್ಟಿಲಿಳಿದರು.

ಎಲ್ಲವನ್ನೂ ಕೇಳಿಸಿಕೊಂಡಿದ್ದ ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಅವಳು ತನ್ನ ಹಳೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಳು: ‘ಮೇಲಿನದು ತಪ್ಪು. ಸೂಚನೆ ಕೊಡದೆ ಇದ್ದದ್ದು ನಾನು.’ ಕೆಳಗೆ ಸಹಿ ಹಾಕಿದಳು.

ಮಾರನೆಯ ದಿನ ಅವನು ಬಂದ. ಅವಳು ತಾನೇ ಎದ್ದು ಹೋಗಿ ಅವನನ್ನು ತನ್ನ ಮೇಜಿಗೆ ಕರೆತಂದಳು. ರೂಮಿನ ತುಂಬ ಜನರಿದ್ದರು.

“ಮೊನ್ನೆ ಹೀಗೇ ಎಲ್ಲರ ಎದುರು ಬೈದೆ. ತಪ್ಪು ನಂದಾಗಿತ್ತು. ಕ್ಷಮಿಸಿ.”

ಅವನು ಗಾಬರಿಯಾಗಿ, “ಅಯ್ಯೋ, ಇರ್ಲಿ ಬಿಡ್ರೀ...” ಎಂದ.

ಈ ಸಲ ಅವಳು ಪಟ್ಟಿ ಹಾಕುವ ಮೊದಲೇ ಹೇಳಬೇಕಾದ್ದನ್ನು ಎರಡು ಸಲ ಹೇಳಿದಳು, ಅವನಿಂದಲೂ ಹೇಳಿಸಿದಳು. ಅವನು ಒಪ್ಪಿಸಿದ. ಆದರೆ ಕೈಯ ಅಭ್ಯಾಸಕ್ಕೆ ಏನು ಮಾಡುವುದು? ಆ ಹತ್ತು ದಿನ ಅತ್ತಿಗೆ ಅವನಿಗೆ ಹೆಗಲ ಮೇಲೆ ಬಟ್ಟೆ ಹಾಕಿಕೊಳ್ಳಲು ಬಿಡಲಿಲ್ಲವಂತೆ. ಹಳದಿ ಉಕ್ಕಿದಾಗಲೆಲ್ಲ ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅಂಗಡಿಯ ಮುಂದೆ ಓಡಾಡುತ್ತಿದ್ದನಂತೆ. ಐದನೆಯ ದಿನ ಪಟ್ಟಿ ಬದಲಿಸಿದಾಗ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ ಕಂಡಿತು. ಅವಳು ಯಾರಿಗೂ ಹೇಳಲಿಲ್ಲ, ಅವನಿಗೂ. ಆಸೆ ಹುಟ್ಟಿಸಿ ಆಮೇಲೆ ಏನಾದರೂ ಆದರೆ ಎಂಬ ಹೆದರಿಕೆ.

ಹತ್ತನೆಯ ದಿನ ಡಾಕ್ಟರೇ ಬಂದು ಕೂತರು. ಅವಳು ಒಂದು ಮೂಲೆಯಿಂದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಲೋಳೆಯನ್ನು ಸಲೈನಿನಲ್ಲಿ ತೊಳೆದಳು.

ಕೆಳಗೆ ತೆಳ್ಳಗೆ, ನುಣ್ಣಗೆ, ಹೊಸ ಚರ್ಮ! ನಡುವಿನವರೆಗೂ ಬಂದು ಕೂಡಿಕೊಂಡಿತ್ತು.

“ಹೆಬ್ಬೆರಳು ಅಗಲ ಮಾಡಪ್ಪ,” ಎಂದರು ಡಾಕ್ಟರು.

ಅವನು ಉಸಿರು ಬಿಗಿಹಿಡಿದು ಬೆರಳು ತೆರೆದ. ಪೂರ್ತಿ ತೆರೆಯಿತು. ಡಾಕ್ಟರು ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರನ್ನೇ ಅವನ ಕೈಗೆ ಕೊಟ್ಟರು. ಹಿಡಿದ. ಬೀಳಿಸಲಿಲ್ಲ.

“ಆಪರೇಷನ್ ಬೇಡ. ಮನೆಗೆ ಹೋಗು,” ಎಂದು ಡಾಕ್ಟರು ಎದ್ದರು. ದೊಡ್ಡ ಸಿಸ್ಟರಿಗೆ ಇದ್ದಕ್ಕಿದ್ದಂತೆ ಸ್ಟೋರ್ ರೂಮಿನಲ್ಲಿ ಏನೋ ಕೆಲಸ ನೆನಪಾಯಿತು.

ಅವಳು ತಟ್ಟೆಯಲ್ಲಿದ್ದ ಕತ್ತರಿ, ಚಿಮುಟಗಳನ್ನು ಸುಮ್ಮನೆ ಆಚೆಯಿಂದ ಈಚೆಗೆ ಜೋಡಿಸತೊಡಗಿದಳು.

“ಇನ್ನು ಪಟ್ಟಿ ಬೇಡ. ರಾತ್ರಿ ಮಲಗೋವಾಗ ಈ ಕ್ರೀಮ್ ಹಚ್ಕೊಳ್ಳಿ. ಬಿಸಿಲಿಗೆ ಒಡ್ಡಬೇಡಿ.”

“ಹಾಗಾದ್ರೆ ನಾಳೆಯಿಂದ ಬರೋ ಹಾಗಿಲ್ಲ.”

“ಇಲ್ಲ.”

ಅವನು ಏಳಲಿಲ್ಲ. “ಒಂದು ಕೇಳ್ಲಾ? ಹೇಗೆ ಮರೆತೆ ಅಂತ ಡಾಕ್ಟ್ರು ಕೇಳಿದ್ರಂತೆ. ನೀವು ಉತ್ತರ ಕೊಡಲಿಲ್ವಂತೆ. ದೊಡ್ಡ ಸಿಸ್ಟರ್ ಹೇಳಿದ್ರು.”

‘ಈ ದೊಡ್ಡ ಸಿಸ್ಟರ್ ಬಾಯಿಗೆ ಒಂದು ಪಟ್ಟಿ ಅಂಟಿಸಬೇಕು!’

ಅವಳು ಚಿಮುಟ ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

“ನಿಮ್ಮ ಕೈ ನೋಡಬೇಕಾದವಳು ನಿಮ್ಮ ಮುಖ ನೋಡ್ತಾ ಇದ್ದೆ. ಆ ಜೋಗುಳದ ಕತೆ ಹೇಳಿ ನಗಿಸಿದ್ರಲ್ಲ, ಅವತ್ತು. ನೀವು ಹೋದ ಮೇಲೂ ನಗ್ತಾನೇ ಇದ್ದೆ. ಎಲ್ಲರಿಗೂ ಹೇಳೋ ಮಾತು ನಿಮಗೊಬ್ಬರಿಗೇ ಹೇಳೋದು ಮರೆತೆ... ನಿಮ್ಮ ಕೈ ಹೋಗಿದ್ರೆ ನಾನು ನನ್ನನ್ನ ಯಾವತ್ತೂ ಕ್ಷಮಿಸ್ತಿರಲಿಲ್ಲ.” ಅವಳ ಕಣ್ಣು ತುಂಬಿ ಬಂತು.

ಅವನು ತಲೆ ಕೆರೆದುಕೊಂಡ.

“ನಾನೂ ಒಂದು ಒಪ್ಕೊಳ್ತೀನಿ. ನೀವು ಹೊಡೆದುಹಾಕಿದ ಆ ಸಾಲು... ಪೂರ್ತಿ ಸುಳ್ಳೇನಲ್ಲ.”

“ಅಂದ್ರೆ?!”

“ಪಟ್ಟಿ ಬಿಚ್ಚಿದ್ದು ತಿಳೀದೆ, ಅದು ಸತ್ಯ. ಆದ್ರೆ ಬಿಚ್ಚಿದ ಮೇಲೆ ನಿಮ್ಮ ಹತ್ರ ಬರಬೇಕಲ್ಲ ಅಂತ ಬೇಜಾರಂತೂ ಆಗಲಿಲ್ಲ. ಮೂರು ಸಲಾನೂ ಅಂಗಿ ಇಸ್ತ್ರಿ ಮಾಡ್ಕೊಂಡು ಬಂದೆ. ಎಡಗೈಯಲ್ಲಿ ಇಸ್ತ್ರಿ ಹಾಕೋದು ಎಷ್ಟು ಕಷ್ಟ ಗೊತ್ತಾ?”

ಅಳುತ್ತಿದ್ದವಳು ನಕ್ಕುಬಿಟ್ಟಳು.

“ಗಾಯ ಮಾಯ್ತು,” ಎಂದ ಅವನು ಮೆಲ್ಲಗೆ. “ಇನ್ನು ಯಾವ ನೆಪ ಹೇಳಿಕೊಂಡು ಬರ್ಲಿ?”

“ನೆಪ ಬೇಡ. ನೆಪ ಹೇಳ್ಕೊಂಡು ಬರೋರು ಅಂದ್ರೆ ನಂಗೆ ಭಯ.” ಅವಳು ಈಗ ನೇರವಾಗಿ ಅವನ ಕಣ್ಣನ್ನೇ ನೋಡಿದಳು. “ಭಾನುವಾರ ಮನೆಗೆ ಬನ್ನಿ. ಅಮ್ಮ ಇರ್ತಾರೆ. ಅತ್ತಿಗೇನೂ ಕರ್ಕೊಂಡು ಬನ್ನಿ.”

“ಅಮ್ಮನ ಹತ್ರ ಏನಂತ ಹೇಳ್ಲಿ?”

“ಇದ್ದದ್ದು ಇದ್ದ ಹಾಗೆ ಹೇಳಿ.”

“ನಿಮ್ಮ ಮಗಳ ಕೈ ಹಿಡೀಬೇಕು ಅಂತಿದ್ದೀನಿ... ಅಂತ?”

ಅವಳು ಅವನ ಅಂಗೈಯನ್ನು ತಿರುಗಿಸಿ ಆ ಎಳೆಯ ಗುಲಾಬಿ ಚರ್ಮವನ್ನು ಇನ್ನೊಮ್ಮೆ ಪರೀಕ್ಷಿಸಿದಳು.

“ಹೊಸ ಚರ್ಮ. ಇನ್ನೊಂದು ವಾರ ಯಾವುದನ್ನೂ ಬಿಗಿಯಾಗಿ ಹಿಡೀಬಾರದು.”

“ಮೆತ್ತಗೆ?”

ಅವಳು ಕೈಗವಸು ಬಿಚ್ಚಿಟ್ಟು, ಮೊದಲ ಸಲ ತನ್ನ ಬರಿಗೈಯನ್ನು ಅವನ ಕೈಯೊಳಗೆ ಇಟ್ಟಳು.